ಜಡ್ಡಿಗೆ ಹಾಕಿದ ಹೊಸ ಮಣ್ಣು

ಬೂದು ಬಣ್ಣ ಎಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಈಗ ನಾನು ಬಾಯಿ ಬಿಡುವುದಿಲ್ಲ. ಮೊದಲು ಹೀಗಿರಲಿಲ್ಲ. ಮಣ್ಣಿನ ವಿಜ್ಞಾನ ಓದಿದವಳು ನಾನು. ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಭೂಗೋಳ ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ‘ಇದೂ ಇರಬಹುದು, ಅದೂ ಇರಬಹುದು’ ಎಂದು ಬರೆದವರಿಗೆ ಮುಲಾಜಿಲ್ಲದೆ ಸೊನ್ನೆ ಕೊಡುತ್ತಿದ್ದೆ. ಆ ಮಕ್ಕಳೆಲ್ಲ ನಗರ ಎಂಬ ಊರಿನ ಹತ್ತಿರದ ಆ ಕೆಸರಿನ ಜಡ್ಡಿಯಲ್ಲಿ ನಿಂತಿದ್ದ ನನ್ನನ್ನು ನೋಡಬೇಕಿತ್ತು.

ಕಾಲೇಜಿನಲ್ಲಿ ಪಾಠ ಸಿಗದ ಒಂದು ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಜೌಗು ಭೂಮಿ ಗುರುತಿಸುವ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ಉಪಗ್ರಹದ ಚಿತ್ರದಲ್ಲಿ ಒದ್ದೆಯಾಗಿ ಕಂಡ ಜಾಗಗಳ ಮೇಲೆ ನೀಲಿ ಚುಕ್ಕೆ ಇಟ್ಟು ನನ್ನ ಮೊಬೈಲಿಗೆ ಕಳಿಸುತ್ತಿದ್ದರು. ನಾನು ಅಲ್ಲಿಗೆ ಹೋಗಿ ಬೈರಿಗೆಯಲ್ಲಿ ಮಣ್ಣು ಕೊರೆದು, ಬಣ್ಣ ನೋಡಿ, ಮೂಸಿ, ಕೊರೆದ ತೂತಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಕಾದು, ಆ್ಯಪ್‌ನಲ್ಲಿ ಒಂದು ಬಟನ್ ಒತ್ತಬೇಕು. ಬಟನ್‌ಗಳು ಮೂರು: ಜೌಗು, ಗದ್ದೆ, ಎರಡೂ ಅಲ್ಲ. ತಾನಾಗಿ ಆದ ಜೌಗನ್ನು ಮಣ್ಣು ಹಾಕಿ ತುಂಬಿಸುವಂತಿಲ್ಲ, ಅದರ ಮೇಲೆ ಏನೂ ಕಟ್ಟುವಂತಿಲ್ಲ. ಭತ್ತದ ಗದ್ದೆಗೆ ಈ ಕಟ್ಟುಪಾಡು ಇಲ್ಲ. ಬಹಳ ಸರಳ ಎಂದುಕೊಂಡೆ. ಎರಡೂ ಹೌದು ಎನ್ನುವ ಬಟನ್ ಯಾಕಿಲ್ಲ ಎಂಬ ಯೋಚನೆ ಆಗ ನನಗೆ ಬರಲೇ ಇಲ್ಲ.

ಪಾಠವಂತೂ ಸರಳವೇ. ನೀರು ನಿಂತೇ ಇರುವ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಅದರೊಳಗಿನ ಕಬ್ಬಿಣದ ಕೆಂಪು ಕರಗಿ ಹೋಗಿ ಮಣ್ಣು ಬೂದಾಗುತ್ತದೆ. ಹುಲ್ಲಿನ ಬೇರು ಇಳಿದ ಜಾಡಿನಲ್ಲಿ ಮಾತ್ರ ಒಂದಿಷ್ಟು ಗಾಳಿ ಹೋಗುವುದರಿಂದ ಅಲ್ಲಲ್ಲಿ ತುಕ್ಕಿನ ಗೆರೆ ಕಾಣುತ್ತದೆ. ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆ. ಇಷ್ಟು ಕಂಡರೆ ಜೌಗು. ಆದರೆ ನಮ್ಮ ಕಡೆಯ ನೆಲಕ್ಕೆ ಈ ಪಾಠ ಯಾರೂ ಹೇಳಿಲ್ಲ. ಇಲ್ಲಿ ಜಂಬಿಟ್ಟಿಗೆಯ ಕೆಳಗೆ ಶೇಡಿ ಸಿಗುತ್ತದೆ, ಹಿಂದೆ ಗೋಡೆಗೆ ಬಳಿಯುತ್ತಿದ್ದರಲ್ಲ, ಆ ಬಿಳಿ ಮಣ್ಣು. ಒದ್ದೆಯಾಗಿದ್ದಾಗ ಅದೂ ಬೂದು. ನೀರಿಗೂ ಅದರ ಬಣ್ಣಕ್ಕೂ ಸಂಬಂಧವಿಲ್ಲ. ಎಷ್ಟೋ ಸಲ ಬಣ್ಣದ ಚೀಟಿಗಳ ಪುಸ್ತಕವನ್ನು ಮಣ್ಣಿನ ಪಕ್ಕ ಹಿಡಿದುಕೊಂಡು, ಇದು ಜೌಗಿನ ಬೂದೋ ಶೇಡಿಯ ಬೂದೋ ಎಂದು ತಲೆ ಕೆರೆದುಕೊಂಡು ಕೂತಿದ್ದೇನೆ.

ತುಮರಿ ಕಡೆ ಅಣೆಕಟ್ಟಿನ ಹಿನ್ನೀರು ಇಳಿದ ಅಂಚಿನಲ್ಲಿ ಕೊರೆದರೆ ಲಕ್ಷಣವಾದ ಬೂದು ಮಣ್ಣು ಬಂತು. ಅದು ಮುಳುಗಡೆಗೆ ಮೊದಲಿನ ಗದ್ದೆಯ ಬೂದೋ, ಮುಳುಗಡೆಯ ನಂತರದ ಬೂದೋ ಹೇಳುವವರಿರಲಿಲ್ಲ. ಹುಂಚದ ಹತ್ತಿರ ನಿಂತ ನೀರಿನ ಮೇಲೆ ಎಣ್ಣೆಯಂಥ ಕೆನೆ ಕಂಡಿತು. ಕಡ್ಡಿಯಿಂದ ಚುಚ್ಚಿದರೆ ಅದು ಗಾಜಿನಂತೆ ಒಡೆದು ಹಾಗೇ ಉಳಿದರೆ ಕಬ್ಬಿಣದ ನೀರು, ಅಂದರೆ ಜೌಗಿನ ಗುರುತು. ಒಡೆದದ್ದು ಮತ್ತೆ ಕೂಡಿಕೊಂಡರೆ ಬರೀ ಎಣ್ಣೆ. ಚುಚ್ಚಿದೆ. ಅರ್ಧ ಒಡೆಯಿತು, ಅರ್ಧ ಕೂಡಿಕೊಂಡಿತು. ಆಮೇಲೆ ನೋಡಿದರೆ ಮೇಲುಗಡೆ ಯಾರೋ ಟಿಲ್ಲರ್ ತೊಳೆದಿದ್ದರು. ಆ ದಿನ ಬಸ್ಸಿನಲ್ಲಿ ಕೂತು ನನಗೆ ನಾನೇ ನಕ್ಕುಬಿಟ್ಟೆ.

ನಗರದ ಹತ್ತಿರದ ಮನೆಗೆ ಹೋದದ್ದು ಬೇಸಿಗೆಯ ಕೊನೆಯಲ್ಲಿ. ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೂ ವಯಸ್ಸಾಗಿತ್ತು, ಆದರೂ ಗಟ್ಟಿಮುಟ್ಟಾಗಿದ್ದರು. ಗೇಣಿ ಮಾಡುತ್ತಿದ್ದ ಜಮೀನು ಅವರ ಮನೆಯ ಹಿಂದಿನ ತಲೆಮಾರಿಗೆ ಸ್ವಂತವಾಗಿತ್ತು. ಅದರಲ್ಲಿ ತೋಟವಾಗದೆ ಉಳಿದದ್ದು ಮನೆಯ ಮೇಲುಗಡೆಯ ಒಂದು ತಗ್ಗು ಮಾತ್ರ. ನನ್ನ ನೀಲಿ ಚುಕ್ಕೆ ಇದ್ದದ್ದು ಅದರ ಮೇಲೆ. ನಾನು ಬರುವ ಸುದ್ದಿ ಮೊದಲೇ ಮುಟ್ಟಿತ್ತು. ಹೆಂಗಸು ಅಂಗಳಕ್ಕೆ ಸಗಣಿ ಸಾರಿಸಿ, ತಲೆಗೆ ಹೂ ಮುಡಿದು ನಿಂತಿದ್ದರು.

“ಬಂದ್ರಾ ಮೇಡಂ, ಬನ್ನಿ ಬನ್ನಿ. ಆಸ್ರಿಗೆ ಎಂತ ಕುಡೀತೀರಿ?”

“ನೀರು ಸಾಕು ಅಕ್ಕ.”

ಕೊಟ್ಟ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು, ಸ್ವಲ್ಪ ಕಬ್ಬಿಣದ ರುಚಿಯಿತ್ತು. ಲೋಟದ ಅಂಚಿನಲ್ಲಿ ತೊಳೆದರೂ ಹೋಗದ ಕೆಂಪು ಕರೆ. ಬಾವಿ ಮನೆಯ ಪಕ್ಕದಲ್ಲೇ, ಆ ತಗ್ಗಿನ ಕೆಳಗೆ ಇತ್ತು. ಎಂಥ ಬೇಸಿಗೆಯಲ್ಲೂ ಬತ್ತಿಲ್ಲವಂತೆ. ಅಕ್ಕ ಅದನ್ನು ತಾವೇ ಮಾಡಿಟ್ಟಂತೆ ಹೇಳಿಕೊಂಡರು.

ತಗ್ಗಿಗೆ ಕರೆದುಕೊಂಡು ಹೋದರು. ನೋಡಿ ನಾನು ನಿಂತಲ್ಲೇ ನಿಂತೆ. ಇಡೀ ಜಾಗ ಕೆಂಪಗಿತ್ತು. ಸುತ್ತಲಿನ ಗುಡ್ಡದಿಂದ ಇಳಿದ ನೀರೆಲ್ಲ ಬಂದು ಸೇರುವಂಥ ಕಡೆ, ಕಾಲಿಟ್ಟರೆ ನೆಲ ಮೆಲ್ಲಗೆ ತೂಗುತ್ತಿತ್ತು, ಕೆಂಪು ಮಣ್ಣನ್ನು ಸೀಳಿಕೊಂಡು ಜೇಕಿನ ಹುಲ್ಲು ಎದ್ದಿತ್ತು. ಜೇಕು ನೀರು ಬಿಟ್ಟು ಬದುಕುವ ಹುಲ್ಲಲ್ಲ. ಬೈರಿಗೆ ತಿರುಗಿಸಿ ಎತ್ತಿದರೆ ಒಳ್ಳೆ ಗುಡ್ಡದ ಮಣ್ಣು. ಒಂದು ತುಕ್ಕಿನ ಗೆರೆ ಇಲ್ಲ, ಬೂದಿನ ಸುಳಿವಿಲ್ಲ. ಹುಲ್ಲು ಜೌಗು ಎನ್ನುತ್ತಿತ್ತು, ಮಣ್ಣು ಅಲ್ಲ ಎನ್ನುತ್ತಿತ್ತು. ಇನ್ನಷ್ಟು ಆಳಕ್ಕೆ ಇಳಿಸಿದೆ. ಚಾಕುವಿನಿಂದ ಕೊಯ್ದಂತೆ ಒಂದು ಕಡೆ ಕೆಂಪು ಮುಗಿದು ಬೂದು ಶುರುವಾಯಿತು. ಮಣ್ಣು ತಾನಾಗಿ ಇಷ್ಟು ನೇರ ಗೆರೆ ಎಳೆಯುವುದಿಲ್ಲ. ಮೇಲಿನ ಧರೆ, ಆ ಕಡಿದಾದ ಮಣ್ಣಿನ ದಿಬ್ಬ, ಕುಸಿದು ಬಂದಿದೆಯೇ? ಕುಸಿದ ಗುರುತಿಲ್ಲ. ಮಳೆಯಲ್ಲಿ ಕೊಚ್ಚಿ ಬಂದಿದೆಯೇ? ಹಾಗಾದರೆ ಕಲ್ಲು ಕಸ ಇರಬೇಕಿತ್ತು. ಬೇರೆ ಬೇರೆ ಕಡೆ ಕೊರೆದೆ. ಎಲ್ಲ ಕಡೆಯೂ ಅದೇ ಕೆಂಪು, ಅದೇ ಗೆರೆ. ಬಿಸಿಲು ನೆತ್ತಿಗೆ ಹತ್ತಿ ನನಗೆ ಸಿಟ್ಟು ಬರತೊಡಗಿತ್ತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

“ಹೆಂಗಿದೆ ಮೇಡಂ ಮಣ್ಣು?” ಅಕ್ಕ ಹಿಂದಿನಿಂದ ಕೇಳಿದರು.

“ಮಣ್ಣು ಚೆನ್ನಾಗೇ ಇದೆ. ಅದೇ ನಂಗೆ ಅರ್ಥ ಆಗ್ತಿಲ್ಲ.”

“ಚೆನ್ನಾಗಿಲ್ದೆ ಎಂತ? ಮನೆ ಹಿಂದಿನ ಧರೆ ಕಡ್ಸಿ ಹಾಕ್ಸಿದ ಮಣ್ಣು. ನೀವು ಮಣ್ಣು ಪರೀಕ್ಷೆಗೆ ಬರ್ತೀರಿ ಅಂದ್ರು. ಹೆಂಗೆಂಗೋ ಇಟ್ಕಂಡು ತೋರ್ಸಕ್ಕೆ ಆಗ್ತದಾ? ನಾನೂ ಬುಟ್ಟಿ ಹೊತ್ತೀನಿ.”

ಬೈರಿಗೆ ಕೈಯಲ್ಲಿ ಹಿಡಿದುಕೊಂಡೇ ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ. ನಮ್ಮ ಕಡೆ ಕೆಲವು ವರ್ಷಕ್ಕೊಮ್ಮೆ ಧರೆ ಕಡಿದು ಅಡಿಕೆ ತೋಟಕ್ಕೆ ಹೊಸ ಮಣ್ಣು ಕೊಡುವ ರೂಢಿಯಿದೆ. ಹೊಸ ಮಣ್ಣು ಬಿದ್ದ ತೋಟವನ್ನು ನೆಂಟರಿಗೆ ತೋರಿಸುವುದೂ ಉಂಟು. ಅಕ್ಕ ಅದನ್ನೇ ಈ ತಗ್ಗಿಗೆ ಮಾಡಿದ್ದರು. ಅಂಗಳ ಸಾರಿಸಿದ ಹಾಗೆ, ನಾನು ಬರುತ್ತೇನೆಂದು ಜೌಗನ್ನೂ ಸಾರಿಸಿಬಿಟ್ಟಿದ್ದರು. ಬೇರೆ ಸೀಮೆಯವರಿಗೆ ಈ ತಪ್ಪು ಮಾಡಲೂ ಬರುವುದಿಲ್ಲ.

“ಅಕ್ಕ, ಹಾಕೋಕೆ ಮುಂಚೆ ಇದು ಏನಾಗಿತ್ತು?”

“ಗದ್ದೆ.”

“ಜಡ್ಡಿ,” ಎಂದರು ಬದುವಿನ ಮೇಲೆ ಕೂತಿದ್ದ ಯಜಮಾನರು. ಅಷ್ಟು ಹೊತ್ತಿಗೆ ಅವರು ಆಡಿದ ಮೊದಲ ಮಾತು ಅದು. ಜಡ್ಡಿ ಎಂದರೆ ಕಾಲು ಹುಗಿಯುವ ಜೌಗು ಎಂದು ನನಗೂ ಗೊತ್ತಿತ್ತು.

“ನಟ್ಟಿ ಮಾಡಿದ್ದು ಮರ್ತು ಹೋಯ್ತಾ ನಿಮ್ಗೆ? ನಾನೇ ನೆಟ್ಟೀನಿ ಇದ್ರಲ್ಲಿ.”

“ನೆಟ್ಟಿ ಮಾರಾಯ್ತಿ, ಇಲ್ಲ ಅಂದ್ನಾ? ಎತ್ತು ಹುಗಿದು ಹಗ್ಗ ಹಾಕಿ ಎಳ್ದಿದ್ದು ಯಾರು? ಹೂಟಿ ಬಿಟ್ಟು ಎಷ್ಟು ಕಾಲ ಆಯ್ತು?”

“ನೀವು ಸುಮ್ನಿರಿ. ಮೇಡಂ, ಅವ್ರ ಮಾತು ಬರ್ಕಬೇಡಿ.”

ನಾನು ಯಾರ ಮಾತನ್ನೂ ಬರೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನನಗೆ ಆಗ ಹೊಳೆದದ್ದು ಬೇರೆಯೇ. ಇದು ಗದ್ದೆಯಾಗಿದ್ದರೆ ಅಕ್ಕ ಹಾಕಿಸಿದ್ದು ಬರೀ ಹೊಸ ಮಣ್ಣು. ಜೌಗಾಗಿದ್ದರೆ ಇವರು ಜೌಗು ತುಂಬಿಸಿದವರು, ಅದೂ ನಾನು ನೋಡಲು ಬರುವ ಹೊತ್ತಿಗೆ. ಧರೆಯ ಮೇಲೆ ಹತ್ತಿದರೆ ಮಾತಿಗೆ ಸಾಕಾಗುವಷ್ಟು ನೆಟ್‌ವರ್ಕ್ ಸಿಕ್ಕಿತು. ನನಗೆ ಕೆಲಸ ಹೇಳುವವರಿಗೆ ಫೋನ್ ಮಾಡಿದೆ. “ಮೊದಲು ಫೋಟೋ ಹಾಕಿ. ಜೌಗಾಗಿದ್ರೆ ತುಂಬಿಸಿದ್ದು ಬೇರೆ ಕೇಸು, ನೋಟಿಸ್ ಹೋಗುತ್ತೆ. ಗದ್ದೆಯಾದ್ರೆ ಏನಿಲ್ಲ. ನೀವು ಯಾವುದು ಅಂತ ಹೇಳಿ ಸಾಕು,” ಎಂದರು. ಹೇಳಲು ಬಂದಿದ್ದರೆ ನಾನು ಧರೆ ಹತ್ತುತ್ತಿದ್ದೆನೇ? ಕೆಂಪು ಮಣ್ಣಿನ ಫೋಟೋ ಅಲ್ಲಿಂದಲೇ ಹಾಕಿದೆ. ಎಷ್ಟೋ ಹೊತ್ತು ಸುತ್ತಿ ಸುತ್ತಿ ಕಡೆಗೆ ಹೋಯಿತು.

ಒಂದು ಪರೀಕ್ಷೆ ಉಳಿದಿತ್ತು. ಎತ್ತು ತುಳಿದ ಗದ್ದೆಯಲ್ಲಿ ಉಳುವ ಮಣ್ಣಿನ ಅಡಿಗೆ ಗಟ್ಟಿ ಪದರ ಇರುತ್ತದೆ. ನೀರು ಅದರ ಮೇಲೆ ನಿಲ್ಲುತ್ತದೆ. ಹಾಗಾಗಿ ಮೇಲೆ ಬೂದು, ಅಡಿಯಲ್ಲಿ ಕಂದು. ಹುಟ್ಟಾ ಜೌಗಿನಲ್ಲಿ ಬೂದು ಆಳಕ್ಕೂ ಇಳಿಯುತ್ತದೆ. ಕೊರೆದರೆ ಬೈರಿಗೆಗೆ ಗಟ್ಟಿ ಪದರ ಸಿಕ್ಕಿತು. ಅಕ್ಕ ಗೆದ್ದರು ಎಂದುಕೊಂಡೆ. ಪದರ ದಾಟಿ ಇಳಿಸಿದೆ. ಅಲ್ಲೂ ಬೂದು. ಯಜಮಾನರು ಗೆದ್ದರು. ಅಥವಾ ಶೇಡಿಯೇ? ಶೇಡಿಯಾದರೆ ಅಕ್ಕನೇ ಗೆದ್ದಂತೆ. ಜೌಗಿನ ಬೂದು ಮಣ್ಣು ಗಾಳಿಗೆ ಇಟ್ಟರೆ ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ, ಶೇಡಿ ಆಗುವುದಿಲ್ಲ. ಆ ಮಣ್ಣಿನ ಒಂದು ಉಂಡೆ ತಂದು ಜಗಲಿಯ ಮೇಲೆ ಇಟ್ಟು ಕಾಯುತ್ತ ಕೂತೆ.

ಅಕ್ಕ ಅವಲಕ್ಕಿ, ಮಜ್ಜಿಗೆ ತಂದಿಟ್ಟರು. ಮೂವರೂ ಉಂಡೆಯನ್ನೇ ನೋಡುತ್ತ ತಿಂದೆವು.

“ಅದು ಎಂತ ಆಗ್ಬೇಕು?” ಎಂದರು ಅಕ್ಕ.

“ಬಣ್ಣ ಬದಲಾದ್ರೆ ಜೌಗು. ಬದಲಾಗದಿದ್ರೆ ಅಲ್ಲ.”

ಅವರು ತಟ್ಟೆ ಕೆಳಗಿಟ್ಟರು. ಉಂಡೆಯ ಕಡೆಗೇ ನೋಡುತ್ತ ಹೇಳಿದರು. “ನನ್ನ ತವರುಮನೆಗೂ ಹಿಂಗೇ ಬಂದಿದ್ರು. ಕೋಲು ಹಿಡ್ಕಂಡು ಅಳ್ದು, ಕಾಫಿ ಕುಡ್ದು, ನಮ್ಮವ್ವನ ಹತ್ರ ನಗಾಡ್ಕಂಡು ಹೋದ್ರು. ಆಮೇಲೆ ನೀರು ಬಂತು. ಗದ್ದೆ ಮನೆ ಎಲ್ಲ ಈಗ ಹಿನ್ನೀರಿನ ಅಡಿಗೆ. ನೀರು ಅಳೆಯೋರು ಬಂದ್ರೆ ಜಮೀನು ಹೋಗ್ತದೆ ಮೇಡಂ. ನಂಗೆ ಅಷ್ಟು ಗೊತ್ತು.”

“ಇದು ಹಂಗಲ್ಲ ಅಕ್ಕ. ಜೌಗು ಅಂತ ಬರೆದ್ರೂ ಪಹಣಿಯಲ್ಲಿ ಹೆಸರು ನಿಮ್ದೇ ಇರುತ್ತೆ.”

“ಹೆಸರು ಇಟ್ಕಂಡು ಎಂತ ಮಾಡದು? ನನ್ನ ಅಪ್ಪನ ಹೆಸ್ರೂ ಇತ್ತು.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಾನೂ ಕೋಲು ಹಿಡಿದು ಬಂದು, ಮಜ್ಜಿಗೆ ಕುಡಿಯುತ್ತ ಕೂತಿದ್ದೆನಲ್ಲ.

ಉಂಡೆಯನ್ನು ಎತ್ತಿ ನೋಡಿದೆ. ಕತ್ತರಿಸಿಟ್ಟ ಬಾಳೆದಿಂಡಿನ ಹಾಗೆ ಒಂದು ಮಗ್ಗುಲು ಕಂದಿತ್ತು. ಇನ್ನೊಂದು ಮಗ್ಗುಲು ಬೆಳ್ಳಗೆ ಹಾಗೇ ಇತ್ತು. ಜೌಗಿನ ಮಣ್ಣೂ ಶೇಡಿಯೂ ಸೇರುವ ಜಾಗದಿಂದಲೇ ನಾನು ಅದನ್ನು ಕಿತ್ತು ತಂದಿದ್ದೆ. ಯಜಮಾನರು ಕಂದಿದ ಮಗ್ಗುಲನ್ನು ತೋರಿಸಿ ನಕ್ಕರು. ಅಕ್ಕ ಬಿಳಿ ಮಗ್ಗುಲನ್ನು ತಮ್ಮ ಕಡೆ ತಿರುಗಿಸಿಕೊಂಡರು.

ನನಗೆ ತಿಳಿದ ಮಟ್ಟಿಗೆ ಆದದ್ದಿಷ್ಟು. ಅದು ಮೊದಲು ಜಡ್ಡಿಯಾಗಿತ್ತು. ಅದನ್ನು ಇವರ ಹಿರಿಯರು ಕಷ್ಟಪಟ್ಟು ಗದ್ದೆ ಮಾಡಿದ್ದರು. ಉಳುಮೆ ಬಿಟ್ಟ ಮೇಲೆ ಅದು ಮತ್ತೆ ಜಡ್ಡಿಯಾಗಲು ಹೊರಟಿತ್ತು. ಎಲ್ಲಿಯವರೆಗೆ ಬಂದಿದೆ ಎಂದು ನಾನು ಹೇಳಬೇಕಿತ್ತು, ನನಗೆ ಹೇಳಲು ಬರಲಿಲ್ಲ. ಯಾವ ಬಟನ್ನೂ ಒತ್ತದೆ ಎದ್ದೆ. ಹೋಗುವ ಮುಂಚೆ ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. “ನಾನು ನೋಡೋದು ಮೇಲೆ ಹಾಕಿದ ಮಣ್ಣಲ್ಲ, ಕೆಳಗಿಂದು. ಹಾಕಿದ್ದರಿಂದಲೇ ತೊಂದರೆ ಆಗಬಹುದು. ಮಳೆ ಹಿಡಿದ ಮೇಲೆ ಇನ್ನೊಂದು ಸಲ ಬಂದು ನೋಡ್ತೀನಿ.”

“ಹಾಕಿದ್ದೇ ತಪ್ಪಾಯ್ತಾ?” ಎಂದರು. ಅವರ ಕೈಯಲ್ಲಿ ನನ್ನ ತಟ್ಟೆ ಇತ್ತು. ನನಗೆ ಅಯ್ಯೋ ಅನ್ನಿಸಿತು.

ಆಮೇಲೆ ಬೇರೆ ಬೇರೆ ಚುಕ್ಕೆಗಳನ್ನು ನೋಡುತ್ತ ಅಲೆದರೂ ಮನಸ್ಸು ಅಲ್ಲೇ ಇತ್ತು. ಕೆಲವು ದಿನ ಅದು ಜೌಗು ಎಂದು ಗಟ್ಟಿ ಮಾಡಿಕೊಂಡು ಮಲಗಿದರೆ ಬೆಳಿಗ್ಗೆ ಏಳುವ ಹೊತ್ತಿಗೆ ಗದ್ದೆ ಎನಿಸುತ್ತಿತ್ತು. ಮನೆಯಲ್ಲಿ ಅಕ್ಕಿ ನೆನೆಹಾಕುವಾಗಲೂ ನೀರಿನ ಬಣ್ಣ ನೋಡುತ್ತ ನಿಂತುಬಿಡುತ್ತಿದ್ದೆ. ಉಪಗ್ರಹಕ್ಕೂ ಅಕ್ಕನಿಗೂ ಯಜಮಾನರಿಗೂ ಅದು ಏನೆಂದು ಗೊತ್ತಿತ್ತು. ಓದಿದ ನನಗೆ ಮಾತ್ರ ಗೊತ್ತಿರಲಿಲ್ಲ ಎಂದಲ್ಲ. ಓದಿದ್ದರಿಂದ ಮೂವರೂ ಸರಿ ಎಂದು ಗೊತ್ತಾಗಿ ಕೂತಿತ್ತು.

ನಟ್ಟಿ ಸಮಯದಲ್ಲಿ, ಸುರಿಯುವ ಮಳೆಯಲ್ಲಿ ಮತ್ತೆ ಹೋದೆ. ಅಕ್ಕ ದೂರದಿಂದಲೇ ಕೈ ಬೀಸಿದರು. ತಗ್ಗಿನಲ್ಲಿ ಕೆಂಪಿನ ಸುಳಿವೇ ಇರಲಿಲ್ಲ. ಹಾಕಿಸಿದ ಮಣ್ಣನ್ನೆಲ್ಲ ತೆಗೆಸಿದ್ದರು. ಕೆಳಗಿನ ಕಪ್ಪುಬೂದು ಕೆಸರು ಮೇಲೆ ಬಂದು, ಅದರ ಮೇಲೆ ನೀರು ನಿಂತು, ನೀರಿನಲ್ಲಿ ಸಾಲಾಗಿ ಭತ್ತದ ಸಸಿ ನಿಂತಿತ್ತು.

“ನೀವು ಹೇಳಿದ್ರಲ, ಕೆಳಗಿನ ಮಣ್ಣೇ ನೋಡೂದು ಅಂತ. ತೆಗ್ಸಿಟ್ಟೆ. ಖಾಲಿ ಬಿಡೂದು ಎಂತಕ್ಕೆ ಅಂತ ನಟ್ಟಿನೂ ಮಾಡ್ದೆ. ಈಗ ಹೇಳಿ, ಗದ್ದೆ ಹೌದಾ ಅಲ್ದಾ?”

ಅಷ್ಟು ದಿನದ ಮೇಲೆ ನನಗೆ ಎದೆ ಹಗುರವಾಯಿತು. ಭತ್ತ ನೆಟ್ಟ ನೆಲವನ್ನು ಗದ್ದೆ ಎನ್ನದೆ ಏನೆನ್ನುವುದು? ಸುಳ್ಳು ಹೇಳಿದಂತೆಯೂ ಇಲ್ಲ, ಅಕ್ಕನಿಗೆ ನೋಟಿಸೂ ಹೋಗುವುದಿಲ್ಲ. ಕೊಡೆ ಕುತ್ತಿಗೆಗೆ ಸಿಕ್ಕಿಸಿಕೊಂಡು ಸಸಿಗಳ ಫೋಟೋ ತೆಗೆದೆ, ‘ಗದ್ದೆ’ ಒತ್ತಿದೆ. ಮಳೆಗೆ ನೆಟ್‌ವರ್ಕ್ ಸತ್ತಿತ್ತು. ಆ್ಯಪ್ ಎಂದಿನಂತೆ ‘ಕಾಯುತ್ತಿದೆ’ ಎಂದು ತೋರಿಸಿತು. ನೆಟ್‌ವರ್ಕ್ ಸಿಕ್ಕಿದ ಕೂಡಲೇ ಅದು ತಾನೇ ಕಳಿಸಿಬಿಡುತ್ತದೆ.

“ಬರೆದೆ ಅಕ್ಕ. ಗದ್ದೆ. ಇನ್ನು ಹೆದರಬೇಡಿ.”

ಅಕ್ಕ ಒದ್ದೆ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. “ತವರುಮನೆ ಕಡೇದು ಉಳೀಲಿಲ್ಲ. ಇದಾದ್ರೂ ಉಳೀತು ನೋಡಿ,” ಎಂದರು. ನನಗೂ ಅಳು ಬಂದಂತಾಯಿತು.

ಕಾಫಿಗೆಂದು ಮನೆ ಕಡೆ ಹೊರಟಾಗ ಬದುವಿನ ಪಕ್ಕ ಟಾರ್ಪಾಲು ಮುಚ್ಚಿದ ದೊಡ್ಡ ಗುಪ್ಪೆ ಕಂಡಿತು. ಅಂಚಿನಲ್ಲಿ ಕೆಂಪು ನೀರು ಇಳಿಯುತ್ತಿತ್ತು. ಅದೇ ಧರೆ ಮಣ್ಣು.

“ಇದನ್ನ ಎಲ್ಲಿಗೆ ಹಾಕ್ತೀರಿ ಅಕ್ಕ?”

“ಎಲ್ಲಿಗೆ ಎಂತ? ಅಲ್ಲಿಗೇ. ಈ ಕೊಯ್ಲು ಮುಗಿದ್ರೆ ವಾಪಸ್ ಹಾಕ್ಸೂದು. ತೆಗ್ಸಿದ್ದು ನೀವು ನೋಡೂಕೆ ಬರ್ತೀರಿ ಅಂತಲ್ದಾ? ಅಡಿಕೆ ಸಸಿ ಆಗ್ಲೇ ತಂದಿಟ್ಟೀನಿ, ಬನ್ನಿ ತೋರಿಸ್ತೆ.”

ಕೊಟ್ಟಿಗೆಯ ಮರೆಯಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಅಡಿಕೆ ಸಸಿಗಳು ಸಾಲಾಗಿ ಕೂತಿದ್ದವು. ಒಳ್ಳೆ ಸಸಿಗಳು. ಅಕ್ಕ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಗದ್ದೆ ಎಂದು ಬರೆದ ಮೇಲೆ ನಾನು ಅವರ ಮನೆಯ ಕಡೆಯವಳು.

“ಅದಕ್ಕೆ ಮಣ್ಣು ತುಂಬಿಸಿ ಬಸಿಗಾಲುವೆ ತೆಗೆದ್ರೆ ಬಾವಿ ಏನಾಗುತ್ತೆ?” ಎಂದೆ.

“ಬಾವಿ ಎಲ್ಲಿಗೆ ಹೋಗ್ತದೆ? ಅದು ನಮ್ಮ ಮಾವನ ಕಾಲದ್ದು.”

ಯಜಮಾನರ ಮುಖ ನೋಡಿದೆ. ಅವರು ಮಳೆ ನೋಡುತ್ತಿದ್ದರು. ಜಡ್ಡಿ ಎಂದು ಇನ್ನೊಂದು ಸಲ ಹೇಳಲಿ ಎಂದು ಕಾದೆ. ಹೇಳಲಿಲ್ಲ.

ನಗರದಿಂದ ಹೊಸನಗರಕ್ಕೆ ಬರುವ ಬಸ್ಸಿನಲ್ಲಿ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ‘ಕಾಯುತ್ತಿದೆ.’ ಅಳಿಸಿ ‘ಜೌಗು’ ಎಂದು ಒತ್ತಲು ಇನ್ನೂ ಸಮಯವಿತ್ತು. ಒತ್ತಿದರೆ ಬೇಸಿಗೆಯಲ್ಲಿ ನಾನೇ ಕಳಿಸಿದ ಕೆಂಪು ಮಣ್ಣಿನ ಫೋಟೋ ಎದ್ದು ಬರುತ್ತದೆ. ನನಗಾಗಿ ಬುಟ್ಟಿ ಹೊತ್ತ ಹೆಂಗಸಿನ ಮೇಲೆ ನೋಟಿಸ್ ಹೋಗುತ್ತದೆ, ನೀರು ಅಳೆಯುವವರ ಬಗ್ಗೆ ಅವರು ಹೇಳಿದ್ದು ನಿಜವಾಗುತ್ತದೆ. ಒತ್ತದಿದ್ದರೆ ಬರುವ ಬೇಸಿಗೆಗೆ ಜಡ್ಡಿ ಇರುವುದಿಲ್ಲ. ಅದರ ಹಿಂದೆಯೇ ಅದರ ನೀರಿನಿಂದ ತುಂಬುವ ಬಾವಿ ಬತ್ತುತ್ತದೆ, ಅದಾದ ಮೇಲೆ ನೀರಿಲ್ಲದ ಅಡಿಕೆ. ಅಥವಾ ಬಾವಿಗೆ ಬೇರೆ ಒರತೆಯೂ ಇರಬಹುದು. ಇರಬಹುದು, ಇಲ್ಲದೆಯೂ ಇರಬಹುದು. ಸೊನ್ನೆ ಕೊಡಬೇಕಾದ ಉತ್ತರ. ಹೆಬ್ಬೆರಳನ್ನು ಪರದೆಯ ಮೇಲೆ ತಂದೆ, ಹಿಂದಕ್ಕೆ ತೆಗೆದುಕೊಂಡೆ. ಬಸ್ಸಿನ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಹೊರಗೆ ಯಾವುದು ಗದ್ದೆ ಯಾವುದು ಹೊಳೆ ಗೊತ್ತಾಗುತ್ತಿರಲಿಲ್ಲ.

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಟಿಣ್ ಎಂದಿತು. ‘ಕಳುಹಿಸಲಾಗಿದೆ.’

ಹೇಳಿಕೊಳ್ಳಲು ನಾಚಿಕೆ, ಮೊದಲು ಆದದ್ದು ನೆಮ್ಮದಿ. ಆಮೇಲೆ ಬಾಯಿ ಒಣಗಿರುವುದು ಗೊತ್ತಾಯಿತು. ಚೀಲದಲ್ಲಿ ಬಾಟಲಿ ಇತ್ತು. ಹೊರಡುವಾಗ ಅಕ್ಕ ಅದನ್ನು ಕಸಿದುಕೊಂಡು ಹೋಗಿ ಬಾವಿಯಿಂದ ತುಂಬಿಸಿ ತಂದಿದ್ದರು. ಮುಚ್ಚಳ ತೆಗೆದು ಕುಡಿದೆ. ಇನ್ನೂ ತಣ್ಣಗಿತ್ತು, ಅದೇ ಕಬ್ಬಿಣದ ರುಚಿ. ಸ್ವಲ್ಪ ಉಳಿಸೋಣ ಎಂದುಕೊಂಡೆ, ಆಗಲಿಲ್ಲ. ಪೂರ್ತಿ ಕುಡಿದುಬಿಟ್ಟೆ.